ಡ್ರಾಕುಲಾನ ಇಂಗ್ಲಿಷು

ಇಂಗ್ಲೆಂಡಿನ ಮಿಡಲ್ಸ್‌ಬರೋದಿಂದ ಕಡಲತೀರದ ಊರು ವಿಟ್ಬಿಗೆ ಹೋಗುವ ರೈಲಿಗೆ ಯಾವ ಅವಸರವೂ ಇಲ್ಲ. 56 ಕಿಲೋಮೀಟರ್ ದಾರಿಗೆ ಸುಮಾರು ಒಂದೂವರೆ ಗಂಟೆ. ಬ್ಯಾಟರ್ಸ್‌ಬಿ ಅನ್ನುವ ಪುಟ್ಟ ಸ್ಟೇಷನ್ನಿನಲ್ಲಿ ಹಳಿಯೇ ಮುಗಿದುಹೋಗುತ್ತದೆ. ಡ್ರೈವರ್ ಇನ್ನೊಂದು ತುದಿಗೆ ಹೋಗಿ ಅಲ್ಲಿಂದ ರೈಲು ಹೊರಡಿಸುತ್ತಾರೆ. ಮುಂದಕ್ಕೆ ಮುಖ ಮಾಡಿ ಕೂತವರೆಲ್ಲ ಅಲ್ಲಿಂದ ಬೆನ್ನು ಹಾಕಿ ಪ್ರಯಾಣ ಮಾಡಬೇಕು. ಇಂಥ ರೈಲಿಗೆ ಪಾಡ್‌ಕಾಸ್ಟ್ ಇಲ್ಲದೆ ಹತ್ತಬಾರದು. ಈ ಸಲ ಕಿವಿಗೆ ಹಾಕಿಕೊಂಡದ್ದು ಬ್ರಾಮ್ ಸ್ಟೋಕರ್ ಬರೆದ, ರಕ್ತ ಹೀರುವ ಪಿಶಾಚಿಯ ಕಾದಂಬರಿ 'ಡ್ರಾಕುಲಾ' ಬಗ್ಗೆ ಇಬ್ಬರು ಮೇಷ್ಟ್ರುಗಳ ಮಾತುಕತೆ. ಕಾದಂಬರಿಯಲ್ಲಿ ಡ್ರಾಕುಲಾ ಇಂಗ್ಲೆಂಡಿಗೆ ಬಂದಿಳಿಯುವುದೇ ವಿಟ್ಬಿಯಲ್ಲಿ. ಅದಕ್ಕೇ ಈ ಆಯ್ಕೆ.

ಸ್ಟೋಕರ್ 1890ರ ಬೇಸಿಗೆಯಲ್ಲಿ ರಜಕ್ಕೆಂದು ಇಲ್ಲಿ ಬಂದಿದ್ದರು. ಡ್ರಾಕುಲಾ ಎಂಬ ಹೆಸರು ಅವರಿಗೆ ಸಿಕ್ಕಿದ್ದೂ ಇಲ್ಲಿನ ಲೈಬ್ರರಿಯ ಒಂದು ಹಳೇ ಪುಸ್ತಕದಲ್ಲಿ. 1885ರಲ್ಲಿ 'ಡಿಮಿಟ್ರಿ' ಎಂಬ ರಷ್ಯಾದ ಹಡಗು ಇದೇ ದಡಕ್ಕೆ ಬಂದು ಬಡಿದಿತ್ತು. ಪುಸ್ತಕದಲ್ಲಿ ಅದೇ 'ಡಿಮೀಟರ್' ಆಗಿ, ಡ್ರಾಕುಲಾನನ್ನೂ ಐವತ್ತು ಪೆಟ್ಟಿಗೆ ಊರ ಮಣ್ಣನ್ನೂ ಹೊತ್ತು ತರುತ್ತದೆ. ಐವತ್ತು! ವಿಮಾನದ ಲಗೇಜ್ ಲೆಕ್ಕ ಇಲ್ಲದ ಕಾಲ ನೋಡಿ. ಪುಸ್ತಕ ಅಚ್ಚಾದದ್ದು 1897ರಲ್ಲಿ. ಹೊರಗಿನವನೊಬ್ಬ ಬಂದು ನಮ್ಮ ನಡುವೆ ಸೇರಿಕೊಂಡುಬಿಡುತ್ತಾನೆ ಎಂಬ ಆ ಕಾಲದ ಇಂಗ್ಲಿಷರ ಭಯವೇ ಈ ಕಥೆಯ ಬೇರು ಎಂದು ಮೇಷ್ಟ್ರುಗಳು ವಿವರಿಸಿದರು. ಸರಿಯೇ. ಆದರೆ ನಾನೇ ಆ ಹೊರಗಿನವನಲ್ವಾ? ನನ್ನ ಕಿವಿಗೆ ಬಿದ್ದದ್ದೇ ಬೇರೆ.

ಎರಡನೇ ಅಧ್ಯಾಯದ ಒಂದು ಭಾಗ ಓದಿ ಹೇಳಿದರು. ಲಂಡನ್ನಿನಲ್ಲಿ ಮನೆ ಕೊಳ್ಳಲು ಹೊರಟ ಡ್ರಾಕುಲಾನ ಕೋಟೆಗೆ ಜೋನಾಥನ್ ಹಾರ್ಕರ್ ಎಂಬ ಇಂಗ್ಲಿಷ್ ವಕೀಲ ಕಾಗದಪತ್ರ ಹಿಡಿದು ಬಂದಿದ್ದಾನೆ. ಕೋಟೆಯ ಲೈಬ್ರರಿ ತುಂಬ ಇಂಗ್ಲಿಷ್ ಪುಸ್ತಕಗಳು: ಚರಿತ್ರೆ, ಕಾನೂನು, ಲಂಡನ್ ಡೈರೆಕ್ಟರಿ. ಒಂದು ಸಂಜೆ ನೋಡಿದರೆ ಈ ಮಹಾರಾಯ ಸೋಫಾದ ಮೇಲೆ ಮಲಗಿಕೊಂಡು ಇಂಗ್ಲೆಂಡಿನ ರೈಲ್ವೆ ಟೈಮ್‌ಟೇಬಲ್ ಓದುತ್ತಿದ್ದಾನೆ! ನಿಮ್ಮ ಇಂಗ್ಲಿಷ್ ಚೆನ್ನಾಗಿದೆ ಎಂದು ಹಾರ್ಕರ್ ಹೊಗಳಿದರೆ ಅವನು ಒಪ್ಪುವುದಿಲ್ಲ. ವ್ಯಾಕರಣ ಗೊತ್ತು, ಪದಗಳು ಗೊತ್ತು, ಮಾತಾಡುವುದು ಗೊತ್ತಿಲ್ಲ ಅನ್ನುತ್ತಾನೆ. ಇಲ್ಲಿ ನಾನು ದೊಡ್ಡ ಮನುಷ್ಯ, ಪರದೇಶದಲ್ಲಿ ಯಾರೂ ಅಲ್ಲ. ನನ್ನ ಮಾತು ಕೇಳಿ 'ಓಹೋ, ಪರದೇಶಿ' ಎಂದು ಯಾರೂ ಮಾತು ನಿಲ್ಲಿಸಬಾರದು, ಅಷ್ಟು ಸಾಕು. ಸಣ್ಣ ತಪ್ಪಿದ್ದರೂ ತಿದ್ದು ಎಂದು ಕೇಳಿಕೊಳ್ಳುತ್ತಾನೆ.

ಫೋನಿನಲ್ಲಿ ನಾನು ಹೆಸರು ಹೇಳಿದ ಕೂಡಲೇ ಆ ಕಡೆಯವರು ಅರೆಕ್ಷಣ ತಡೆಯುತ್ತಾರೆ. ಬೇಕೆಂದು ಅಲ್ಲ, ಪಾಪ. ಆ ಅರೆಕ್ಷಣದ ವಿಷಯವನ್ನು ಡ್ರಾಕುಲಾ ಇಷ್ಟು ಸರಿಯಾಗಿ ಹೇಳಿಬಿಡುತ್ತಾನೆ ಅಂದುಕೊಂಡಿರಲಿಲ್ಲ. ಸ್ಟೋಕರ್ ಕೂಡ ಡಬ್ಲಿನ್ನಿನಿಂದ 1878ರಲ್ಲಿ ಲಂಡನ್ನಿಗೆ ಬಂದು ಲೈಸಿಯಂ ಥಿಯೇಟರಿನ ಮ್ಯಾನೇಜರ್ ಆದವರು. ಎಲ್ಲವನ್ನೂ ಊಹಿಸಿಕೊಂಡೇ ಬರೆದಿರಲಾರರು ಅನಿಸುತ್ತದೆ.

ಇನ್ನೊಂದು ತಮಾಷೆ ಇದೆ. ಇಷ್ಟೆಲ್ಲ ಅಭ್ಯಾಸ ಮಾಡಿ ಅವನು ಬಂದಿಳಿದದ್ದು ವಿಟ್ಬಿ ಇರುವ ಯಾರ್ಕ್‌ಶೈರಿಗೆ. ವಿಟ್ಬಿಯ ಸ್ಮಶಾನದ ಬೆಂಚಿನ ಮೇಲೆ ಕೂರುವ ಸ್ವೇಲ್ಸ್ ಎಂಬ ಮುದುಕ ಆಡುವ ಮಾತನ್ನು ಸ್ಟೋಕರ್ ಇಲ್ಲಿಯ ಆಡುನುಡಿಯಲ್ಲೇ ಬರೆದಿದ್ದಾರೆ. ನಾನು ಗಟ್ಟಿಯಾಗಿ ಓದಿಕೊಂಡರೂ ಅರ್ಧ ಅರ್ಥವಾಗುವುದಿಲ್ಲ. ಡ್ರಾಕುಲಾ ಆ ತಾತನ ಜೊತೆ ಎರಡು ಮಾತು ಆಡಿದ್ದರೆ, ಕಲಿತದ್ದೆಲ್ಲ ನೀರುಪಾಲು ಎಂದು ವಾಪಸ್ ಹಡಗು ಹತ್ತುತ್ತಿದ್ದನೇನೋ.

ನಮ್ಮ 'ನಾಳೆ ಬಾ' ದೆವ್ವಕ್ಕೆ ಈ ಕಷ್ಟ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ ಬರೆದದ್ದು ನೆನಪಿದೆಯಾ? ಅದು ಮನೆಯವರ ದನಿಯಲ್ಲೇ ಕರೆಯುತ್ತಿತ್ತಂತೆ. ಡ್ರಾಕುಲಾನಿಗೂ ಮನೆಯವರು ಒಮ್ಮೆ ಕರೆಯದೆ ಒಳಗೆ ಬರುವ ಹಾಗಿಲ್ಲ. ಆದರೆ ಅವನು ಪಾಪ, ದನಿ ತಾನೇ ತಿದ್ದಿಕೊಳ್ಳಬೇಕು.

ಪಾಡ್‌ಕಾಸ್ಟಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಹದಿನೇಳನೇ ಅಧ್ಯಾಯದ ಮಾತು. ಕಥೆಯ ಇನ್ನೊಂದು ಪಾತ್ರ ಡಾಕ್ಟರ್ ಸೀವರ್ಡ್ ದಿನಚರಿ ಬರೆಯುವುದಿಲ್ಲ, ದನಿ ಹಿಡಿದಿಡುವ ಯಂತ್ರವಾದ ಫೋನೋಗ್ರಾಫಿನ ಮೇಣದ ಸಿಲಿಂಡರುಗಳಲ್ಲಿ ಹೇಳಿ ಇಡುತ್ತಾನೆ. ಹಾರ್ಕರನ ಹೆಂಡತಿ ಮೀನಾ ಬಂದು ಒಂದು ಭಾಗ ಕೇಳಿಸಿ ಅಂದಾಗ ಅವನಿಗೆ ದಿಗಿಲು. ತಿಂಗಳುಗಟ್ಟಲೆ ಹೇಳುತ್ತಾ ಬಂದಿದ್ದಾನೆ, ಬೇಕಾದ ಜಾಗ ಹುಡುಕುವುದು ಹೇಗೆ ಎಂದು ಒಮ್ಮೆಯೂ ಯೋಚಿಸಿಲ್ಲ! ನಾನು ಈ ಮಾತನ್ನೇ ಮತ್ತೆ ಕೇಳೋಣವೆಂದು ಪಾಡ್‌ಕಾಸ್ಟನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾ ಕೂತಿದ್ದೆ. ಅಷ್ಟರಲ್ಲಿ ಗ್ರೋಸ್‌ಮಂಟ್ ಸ್ಟೇಷನ್ ಬಂತು.

ಮೀನಾ ಮಾತ್ರ ಕವಲಾದ ಲೋಹದ ಕಡ್ಡಿಯನ್ನು ಕಿವಿಗಳಿಗೆ ಸಿಕ್ಕಿಸಿಕೊಂಡು ಕೂತು ಎಲ್ಲವನ್ನೂ ಕೇಳುತ್ತಾಳೆ. ಆಗಿನ ಇಯರ್‌ಫೋನ್ ಅದು. ಆಮೇಲೆ ಟೈಪ್ ಮಾಡಿ ಕೊಡುತ್ತಾಳೆ. ಈ ಯಂತ್ರ ಅದ್ಭುತ, ಆದರೆ ಕ್ರೂರವಾದಷ್ಟು ನಿಜ ಹೇಳುತ್ತದೆ, ನಿಮ್ಮ ಸಂಕಟವೆಲ್ಲ ದನಿಯಲ್ಲೇ ಕೇಳಿಸಿತು, ಇನ್ನು ಯಾರೂ ಕೇಳಬೇಕಾಗಿಲ್ಲ ಅನ್ನುತ್ತಾಳೆ. ಮುಂದೆ ಡ್ರಾಕುಲಾ ಆ ಸಿಲಿಂಡರುಗಳನ್ನು ಬೆಂಕಿಗೆ ಹಾಕುತ್ತಾನೆ. ಟೈಪ್ ಮಾಡಿದ ಇನ್ನೊಂದು ಪ್ರತಿ ತಿಜೋರಿಯಲ್ಲಿ ಉಳಿದಿರುತ್ತದೆ. ಬ್ಯಾಕಪ್ ಇಟ್ಟವಳು ಗೆದ್ದಳು.

ಇಡೀ ಪುಸ್ತಕ ಇಂಥ ದಿನಚರಿ, ಪತ್ರ, ಟೆಲಿಗ್ರಾಂಗಳ ಕಟ್ಟು. ಎಲ್ಲರೂ ಬರೆಯುತ್ತಾರೆ, ಡ್ರಾಕುಲಾನ ದಿನಚರಿ ಮಾತ್ರ ಇಲ್ಲ. ಇಂಗ್ಲೆಂಡಿಗೆ ಬಂದ ಮೇಲೆ ಅವನ ಮಾತು ಕೇಳಿಸುವುದೂ ಅಲ್ಲೊಂದು ಇಲ್ಲೊಂದು. ಅಷ್ಟು ಕಷ್ಟಪಟ್ಟು ತಿದ್ದಿಕೊಂಡ ಉಚ್ಚಾರ ಏನಾಯಿತೋ! ಈ ಪ್ರಶ್ನೆಯನ್ನು ಮೇಷ್ಟ್ರುಗಳು ಎತ್ತಲಿಲ್ಲ. ನನಗೆ ಅದೊಂದೇ ಬೇಜಾರು.

ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಎರಡನೇ ಮತ್ತು ಹದಿನೇಳನೇ ಅಧ್ಯಾಯಗಳನ್ನಾದರೂ ಓದಿ. ಹಕ್ಕು ಮುಗಿದ ಪುಸ್ತಕ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ವಿಟ್ಬಿಗೇ ಬರುವವರಿದ್ದರೆ 199 ಮೆಟ್ಟಿಲು ಹತ್ತಿ ಸೇಂಟ್ ಮೇರಿ ಚರ್ಚಿಗೆ ಹೋಗಿ. ಡ್ರಾಕುಲಾನ ಸಮಾಧಿ ಎಲ್ಲಿ ಎಂದು ಮಾತ್ರ ಅಲ್ಲಿ ಕೇಳಬೇಡಿ. ಬಂದವರೆಲ್ಲ ಕೇಳಿ ಕೇಳಿ ಅವರಿಗೆ ಸಾಕಾಗಿದೆ.