ಗಡಿಯ ಎರಡೂ ಕಡೆ ಒಂದೇ ಭಾಷೆ ಇದ್ದರೆ ಸಾಲದೇ?

ನೆರೆದೇಶಗಳ ಸಹಕಾರದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ: ಆಚೆ ಈಚೆ ಒಂದೇ ಭಾಷೆ, ಒಂದೇ ಬಳಗ ಇದ್ದರೆ ಕೆಲಸ ತಾನಾಗಿ ಆಗುವುದಿಲ್ಲವೇ? ಆಗುವುದಿಲ್ಲ. ನಾವೆಲ್ಲ ಒಂದೇ ಸೀಮೆಯವರೆಂಬ ಅಭಿಮಾನ ಕೆಲಸಕ್ಕೆ ಚಾಲನೆ ಕೊಡುತ್ತದೆ, ನಿಜ. ಮುಂದಕ್ಕೆ ನಡೆಸುವುದು ಮಾತ್ರ ಯಾರ ಪಾಲು ಎಷ್ಟು, ಯಾವ ಕಾನೂನು ಅನ್ವಯ ಎಂಬ ಬರಹದ ಕರಾರು.

ಪಿರೆನೀಸ್ ಬೆಟ್ಟಗಳ ನಡುವಿನ ಸೆರ್ದಾನ್ಯ ಕಣಿವೆಯನ್ನೇ ನೋಡಿ. ಕತಲಾನ್ ಮಾತಾಡುತ್ತಿದ್ದ ಈ ಸೀಮೆಯನ್ನು 1659ರ ಪಿರೆನೀಸ್ ಒಪ್ಪಂದ ಸ್ಪೇನ್ ಮತ್ತು ಫ್ರಾನ್ಸ್‌ಗೆ ಹಂಚಿತು. ಫ್ರಾನ್ಸಿಗೆ ಹಳ್ಳಿಗಳನ್ನಷ್ಟೇ ಬಿಟ್ಟುಕೊಟ್ಟದ್ದರಿಂದ, ಪಟ್ಟಣದ ಮಾನ್ಯತೆಯಿದ್ದ ಯೀವಿಯಾ ಇಂದಿಗೂ ಫ್ರೆಂಚ್ ನೆಲದ ನಡುವೆ ಸ್ಪೇನಿನ ತುಣುಕಾಗಿದೆ. ನೆಂಟಸ್ತನ ಉಳಿಯಿತು, ಆದರೆ ಫ್ರೆಂಚ್ ಕಡೆಯ ರೋಗಿ ದೊಡ್ಡ ಆಸ್ಪತ್ರೆಗೆ ಸುಮಾರು 100 ಕಿ.ಮೀ. ಬೆಟ್ಟದ ದಾರಿ ಇಳಿದು ಫ್ರಾನ್ಸಿನ ಪೆರ್ಪಿನ್ಯಾಂ ನಗರಕ್ಕೇ ಹೋಗಬೇಕಿತ್ತು. ಇಡೀ ಕಣಿವೆಯ ಜನ ಸುಮಾರು 30,000. ಅದರಲ್ಲಿ ಒಂದು ಕಡೆಯವರಿಗಷ್ಟೇ ಪೂರ್ಣ ಪ್ರಮಾಣದ ಆಸ್ಪತ್ರೆ ನಡೆಸುವುದು ಯಾರಿಗೂ ಗಿಟ್ಟುವಂತಿರಲಿಲ್ಲ.

ದಾರಿ ತೆರೆದದ್ದು ಐರೋಪ್ಯ ಒಕ್ಕೂಟದ 2006ರ ನಿಯಮ. ಎರಡು ದೇಶಗಳ ಸಾರ್ವಜನಿಕ ಸಂಸ್ಥೆಗಳು ಸೇರಿ, ತನ್ನದೇ ಬಜೆಟ್, ನೌಕರರು, ಆಡಳಿತ ಮಂಡಳಿ ಇರುವ ಒಂದೇ ಕಾನೂನುಬದ್ಧ ಸಂಸ್ಥೆ ಕಟ್ಟಲು ಅದು ಅವಕಾಶ ಕೊಟ್ಟಿತು. 2010ರಲ್ಲಿ ಕಣಿವೆಯ ಎರಡೂ ಕಡೆಯವರಿಗೆ ಸೇರಿದ ಒಂದೇ ಆಸ್ಪತ್ರೆಗಾಗಿ ಅಂಥ ಸಂಸ್ಥೆ ಹುಟ್ಟಿತು. 2014ರಲ್ಲಿ ಸ್ಪೇನಿನ ಕಡೆಯ ಪುಚ್ಸೆರ್ದಾ ಪಟ್ಟಣದಲ್ಲಿ ಆಸ್ಪತ್ರೆ ಬಾಗಿಲು ತೆರೆಯಿತು. ಕಟ್ಟಡದ ವೆಚ್ಚದ 60% ಐರೋಪ್ಯ ಪ್ರಾದೇಶಿಕ ಅಭಿವೃದ್ಧಿ ನಿಧಿಯದು. ಉಳಿದದ್ದನ್ನು ಸ್ಪೇನಿನ ಕತಲೂನಿಯಾ ಪ್ರಾಂತ 60%, ಫ್ರಾನ್ಸ್ 40%ರಂತೆ ಹಂಚಿಕೊಂಡವು. ಈ ಅನುಪಾತ ಮೊದಲೇ ಬರಹದಲ್ಲಿ ಇದ್ದದ್ದು ದೊಡ್ಡ ವಿಷಯ. ಪಾಲು ತೀರ್ಮಾನವಾಗದೆ ಅಡಿಪಾಯ ಹಾಕಿದರೆ ಪ್ರತಿ ವರ್ಷದ ಬಜೆಟ್ಟೂ ಜಗಳವಾಗುತ್ತದೆ.

ಆಮೇಲೂ ತೊಡಕು ತಪ್ಪಲಿಲ್ಲ. ಸಮಸ್ಯೆ ಇದ್ದದ್ದು ಚಿಕಿತ್ಸೆಯಲ್ಲಲ್ಲ, ಕಾಗದದಲ್ಲಿ. ಇಲ್ಲಿ ಹುಟ್ಟಿದ ಮಗುವಿನ ಜನ್ಮಸ್ಥಳ ಸ್ಪೇನ್. ಹೆತ್ತವರು ಫ್ರೆಂಚರಾದರೆ ಅವರ ದೇಶದ ದಾಖಲೆಗೆ ದೂತಾವಾಸದ ಮೊರೆ ಹೋಗಬೇಕಿತ್ತು. ಸಾವಿನ ವಿಷಯ ಇನ್ನೂ ಕಠಿಣ. ಕೂಗಳತೆಯ ದೂರದ ಹಳ್ಳಿಗೆ ಶವ ಒಯ್ಯಲೂ ಪರದೇಶದಿಂದ ತರುವಾಗಿನ ವಿಧಿವಿಧಾನಗಳೇ ಅನ್ವಯಿಸುತ್ತಿದ್ದವು. ದುಃಖದಲ್ಲಿದ್ದ ಮನೆಯವರು ಅನುಮತಿಪತ್ರಕ್ಕೆ ಕಾಯಬೇಕಿತ್ತು. ಭಾಷೆ ಒಂದೇ ಆದರೂ ಗುಮಾಸ್ತನಿಗೆ ಇದರಿಂದ ವಿನಾಯಿತಿ ಕೊಡುವ ಅಧಿಕಾರವಿರಲಿಲ್ಲ. ಶವಗಳನ್ನು ರಸ್ತೆಯ ಮೂಲಕ ಸಾಗಿಸುವ ಬಗ್ಗೆಯೇ ಎರಡು ದೇಶಗಳು 2017ರಲ್ಲಿ ಪ್ರತ್ಯೇಕ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು.