ಬಾಯಿ ಬಿಡದ ಮಗು ಕಲಿಯುತ್ತಿಲ್ಲ ಅಂದುಕೊಳ್ಳಬೇಡಿ

ಇಂಗ್ಲಿಷಿನ ಗಂಧವೇ ಇಲ್ಲದ ಮಗು ತರಗತಿಗೆ ಬಂದಾಗ ಮೊದಲ ಪಾಠ ಶಿಕ್ಷಕರಿಗೆ: ಅದರ ಹೆಸರು. ಮಗುವಿನ ಬಾಯಿಂದಲೇ ಕೇಳಿ, ಎರಡು ಸಲ ಹೇಳಿ, ತಪ್ಪಿದ್ದರೆ ತಿದ್ದಿಸಿಕೊಳ್ಳಿ. ನಾಲಿಗೆ ಹೊರಳುವುದಿಲ್ಲವೆಂದು ಹೆಸರನ್ನೇ ಮೊಟಕು ಮಾಡುವುದು ಬೇಡ.

ಅಂದೇ ಐದು ಚಿತ್ರದ ಚೀಟಿಗಳನ್ನು ದಾರಕ್ಕೆ ಪೋಣಿಸಿ ಡೆಸ್ಕಿಗೆ ಕಟ್ಟಿ: ಶೌಚಾಲಯ, ನೀರು, ಹುಷಾರಿಲ್ಲ, ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ. ಕೇಳಲು ಮಾತು ಬಾರದೆ ಬಟ್ಟೆ ಒದ್ದೆ ಮಾಡಿಕೊಂಡ ಮಗು ಮರುದಿನ ಶಾಲೆಗೆ ಬರಲು ಅಳುತ್ತದೆ. ಜೊತೆಗೆ ಇಬ್ಬರು ಗೆಳೆಯರನ್ನು ಗೊತ್ತು ಮಾಡಿ, ಸರದಿ ಬದಲಿಸುತ್ತಿರಿ. ಒಬ್ಬರಿಗೇ ವಹಿಸಿದರೆ ದುಭಾಷಿಯ ಕೆಲಸದಲ್ಲಿ ಅವರ ಪಾಠವೇ ತಪ್ಪುತ್ತದೆ.

ಇನ್ನು ಮೌನ. ಅದು ಕೆಲವು ವಾರ ಇರಬಹುದು, ತಿಂಗಳುಗಟ್ಟಲೆಯೂ ಇರಬಹುದು. ಬಾಯಿ ಮುಚ್ಚಿದ್ದರೂ ಕಿವಿ ತೆರೆದೇ ಇರುತ್ತದೆ. ಆಗ ಎದ್ದು ನಿಲ್ಲಿಸಿ ಓದಿಸುವುದು ಶಿಕ್ಷೆಯೇ ಸರಿ. ಹಾಗೆಯೇ ‘ಅರ್ಥವಾಯಿತಾ?’ ಎಂದು ಕೇಳಿ ಪ್ರಯೋಜನವಿಲ್ಲ. ಅರ್ಥವಾಗದ ಮಗುವೂ ತಲೆಯಾಡಿಸುತ್ತದೆ. ತೋರಿಸಲು ಹೇಳಿ. ಗಿಡದ ಪಾಠವಾದರೆ ಮೊದಲು ‘ಪಾಯಿಂಟ್ ಟು ದ ರೂಟ್’, ಬೆರಳಿಟ್ಟರೆ ಸಾಕು. ಆಮೇಲೆ ‘ಈಸ್ ದಿಸ್ ಎ ಲೀಫ್?’, ಹೌದು ಅಥವಾ ಇಲ್ಲ. ಮುಂದೆ ‘ರೂಟ್ ಆರ್ ಸ್ಟೆಮ್?’, ಉತ್ತರದ ಪದ ಪ್ರಶ್ನೆಯಲ್ಲೇ ಇದೆ. ‘ವಾಟ್ ಡಸ್ ದ ರೂಟ್ ಡೂ?’ ಎಂಬುದು ಕೊನೆಗೆ, ಅದೂ ಬೋರ್ಡಿನ ಮೇಲೆ ‘ದ ರೂಟ್ ಟೇಕ್ಸ್ ಇನ್ ____’ ಎಂದು ಅರ್ಧ ವಾಕ್ಯ ಬರೆದಿಟ್ಟು. ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ. ಆ ಹೊತ್ತಿನಲ್ಲಿ ಮಗು ಪ್ರಶ್ನೆಯನ್ನು ತನ್ನ ಭಾಷೆಗೆ ತಂದು, ಉತ್ತರವನ್ನು ಇಂಗ್ಲಿಷಿಗೆ ಒಯ್ಯುತ್ತಿರುತ್ತದೆ. ತಡೆಯಲಾರದೆ ನೀವು ಪ್ರಶ್ನೆಯನ್ನೇ ಬೇರೆ ಮಾತಿನಲ್ಲಿ ಕೇಳಿದಿರೋ, ಮತ್ತೆ ಮೊದಲಿನಿಂದ ಶುರು.

ಗಟ್ಟಿಯಾಗಿ ಮಾತಾಡಿದರೆ ಅರ್ಥವಾಗುವುದಿಲ್ಲ (ಎಷ್ಟೋ ಜನ ಇದನ್ನೇ ಮಾಡುತ್ತಾರೆ). ವಾಕ್ಯ ಚಿಕ್ಕದಿರಲಿ, ಒಂದು ಸಲಕ್ಕೆ ಒಂದೇ ಸೂಚನೆ ಇರಲಿ. ‘ಪುಟ್ ಆನ್’, ‘ಪುಟ್ ಅವೇ’, ‘ಪುಟ್ ಆಫ್’ ಮೂರೂ ಹೊಸಬರಿಗೆ ಒಂದೇ ಥರ ಕೇಳಿಸುತ್ತವೆ. ಗಣಿತಕ್ಕೆ ಭಾಷೆ ಬೇಡ ಎಂಬುದೂ ಭ್ರಮೆ: ‘ಟೇಬಲ್’ ಎಂದರೆ ಮೇಜು ಎಂದಷ್ಟೇ ಕಲಿತ ಮಗುವಿಗೆ ಮಗ್ಗಿ ಎಲ್ಲಿಂದ ಹೊಳೆಯಬೇಕು? 2.5 ಎಂಬುದನ್ನು 2,5 ಎಂದು ಬರೆಯುವ ದೇಶಗಳೂ ಇವೆ. ಅದಕ್ಕೆ ಕೆಂಪು ಗೆರೆ ಎಳೆಯುವ ಮುನ್ನ ವಿಚಾರಿಸಿ.

‘ಹೀ ಗೋ ಹೋಮ್’ ಅಂದಾಗ ತಡೆದು ವ್ಯಾಕರಣ ಹೇಳಬೇಡಿ. ‘ಯೆಸ್, ಹೀ ವೆಂಟ್ ಹೋಮ್’ ಎಂದು ಮಾತು ಮುಂದುವರಿಸಿ. ಮನೆಯಲ್ಲೂ ಇಂಗ್ಲಿಷೇ ಆಡಿ ಎಂದು ಹೆತ್ತವರಿಗೆ ಹೇಳುವುದಂತೂ ಬೇಡವೇ ಬೇಡ. ಆದರೆ ಮಗು ಮನೆಮಾತಿನಲ್ಲೂ ಮಾತಾಡುತ್ತಿಲ್ಲ ಎಂದು ಅವರು ಹೇಳಿದರೆ, ಮೊದಲು ಕಿವಿ ಪರೀಕ್ಷೆ ಮಾಡಿಸಲು ತಿಳಿಸಿ.

ಹೆಚ್ಚಿನವರು ಎಡವುವುದು ಮಗು ಇಂಗ್ಲಿಷಿನಲ್ಲಿ ಮಾತಾಡಲು ಶುರುಮಾಡಿದ ಮೇಲೆ. ಆಟದ ಬಯಲಿನ ಇಂಗ್ಲಿಷ್ ಎರಡು ವರ್ಷದೊಳಗೆ ಬಂದುಬಿಡುತ್ತದೆ. ಪಠ್ಯದ ಇಂಗ್ಲಿಷಿಗೆ ಐದರಿಂದ ಏಳು ವರ್ಷ ಬೇಕು. ಕೆನಡಾದ ಭಾಷಾ ಕಲಿಕೆಯ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲೇ ಇವೆರಡನ್ನೂ ಬೇರ್ಪಡಿಸಿ ತೋರಿಸಿದ್ದರು. ಅರಳು ಹುರಿದಂತೆ ಮಾತಾಡುವ ಮಗು ವಿಜ್ಞಾನದ ಉತ್ತರ ಬರೆಯದಿದ್ದರೆ ಅದು ಸೋಮಾರಿತನವಲ್ಲ. ಬೋರ್ಡಿನ ಮೇಲಿನ ಆ ಅರ್ಧ ವಾಕ್ಯವನ್ನು ಇನ್ನೂ ಅಳಿಸಬೇಡಿ.