ಮಹಾಗೋಡೆಯ ಆಚೆ, ಚೆಂಗ್ದೆಯಲ್ಲಿ

ಬೀಜಿಂಗ್ ಬಿಟ್ಟ ರೈಲು ಬೆಟ್ಟಸಾಲನ್ನು ಸುರಂಗಗಳಲ್ಲೇ ದಾಟಿ ನಮ್ಮನ್ನು ಚೆಂಗ್ದೆಯಲ್ಲಿ ಇಳಿಸಿತು. ಮಹಾಗೋಡೆ ದಕ್ಷಿಣಕ್ಕೆ ಉಳಿದಿತ್ತು. ಹುಲ್ಲುಗಾವಲಿನ ಕುದುರೆ ಸವಾರರನ್ನು ತಡೆಯಲೆಂದು ಮಿಂಗ್ ದೊರೆಗಳು ಗೋಡೆ ಕಟ್ಟಿದ್ದರು. ಅವರ ನಂತರ ಬಂದ ಚಿಂಗ್ ಮನೆತನದವರು ಗೋಡೆಯಾಚೆಯಿಂದಲೇ ಬಂದ ಮಂಚೂಗಳು. ಕಾಂಗ್‌ಶಿ ಚಕ್ರವರ್ತಿ 1703ರಲ್ಲಿ ಇಲ್ಲಿ ಅರಮನೆ ಕಟ್ಟಿಸತೊಡಗಿದ. ಹೆಸರಿಗೆ ಬೇಸಿಗೆಯ ಬಿಡಾರ. ಮಂಗೋಲ್ ಮುಖಂಡರನ್ನು ಒಲಿಸಿಕೊಳ್ಳುವ ರಾಜಕಾರಣ ನಡೆದದ್ದು ಇಲ್ಲಿ.

ಹೆಬ್ಬಾಗಿಲ ಮೇಲಿನ ಫಲಕದಲ್ಲಿ ಐದು ಲಿಪಿಗಳಿವೆ: ಮಂಚು, ಚೀನೀ, ಮಂಗೋಲ್, ಟಿಬೆಟನ್, ಉಯ್ಘರ್. ಒಳಗಿನ ದರ್ಬಾರು ಭವನದಲ್ಲಿ ಬೀಜಿಂಗಿನ ಹಳದಿ ಹೆಂಚಿಲ್ಲ, ಕೆಂಪು ಬಣ್ಣವಿಲ್ಲ. ಬೂದು ಹೆಂಚು, ಬಣ್ಣ ಬಳಿಯದ ನನ್‌ಮು ಮರ. ಹತ್ತಿರ ನಿಂತರೆ ಮರದ ಎಳೆ ಎಳೆಯೂ ಕಾಣುತ್ತದೆ. ಅದರಾಚೆ ಹುಲ್ಲುಬಯಲು. ಅಲ್ಲಿ ಗುಡಾರ ಹಾಕಿಸಿ ಚಕ್ರವರ್ತಿ ಮಂಗೋಲರಿಗೆ ಔತಣ ಕೊಡುತ್ತಿದ್ದ. ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿಯನ್ನು 1793ರಲ್ಲಿ ಕಾಂಗ್‌ಶಿಯ ಮೊಮ್ಮಗ ಚಿಯಾನ್‌ಲಾಂಗ್ ಚಕ್ರವರ್ತಿ ಕಂಡದ್ದೂ ಅಲ್ಲೇ.

ಚೆಂಗ್ದೆಯನ್ನೇ ಆರಿಸಿಕೊಳ್ಳಲು ಸಿಡುಬೂ ಒಂದು ಕಾರಣ. ಹುಲ್ಲುಗಾವಲಿನವರಿಗೆ ಬೀಜಿಂಗಿನ ಜನಸಂದಣಿ ಪ್ರಾಣಕ್ಕೇ ಎರವಾಗುತ್ತಿತ್ತು. ಸಿಡುಬು ಬಂದು ಹೋಗದ ಮುಖಂಡರು ಇಲ್ಲಿಗೇ ಬರುತ್ತಿದ್ದರು. 1780ರಲ್ಲಿ ಟಿಬೆಟಿನ ಬೌದ್ಧ ಗುರು ಪಂಚೆನ್ ಲಾಮಾಗಾಗಿ ಚಿಯಾನ್‌ಲಾಂಗ್ ಇಲ್ಲಿ ಅವರ ತಶಿಲುಂಪೊ ಮಠದ ಮಾದರಿಯ ಮಠವನ್ನೇ ಕಟ್ಟಿಸಿದ. (ಆ ತಶಿಲುಂಪೊ ಈಗ ನಮ್ಮ ಬೈಲಕುಪ್ಪೆಯಲ್ಲೂ ಇದೆ.) ಮುಂದೆ ಬೀಜಿಂಗಿಗೆ ಹೋದ ಲಾಮಾ ಅದೇ ವರ್ಷ ಸಿಡುಬಿನಿಂದ ತೀರಿಕೊಂಡರು.

ನಾನು ಹೆಚ್ಚು ಹೊತ್ತು ಕಳೆದದ್ದು ಲಾಸಾದ ಪೊಟಾಲಾ ಅರಮನೆಯ ಮಾದರಿಯ ಪುತುವೊ ಜೊಂಗ್‌ಚೆಂಗ್ ದೇವಾಲಯದ ಶಾಸನಗಳ ಮುಂದೆ. 1771ರಲ್ಲಿ ರಷ್ಯಾದ ವೋಲ್ಗಾ ದಡ ಬಿಟ್ಟು ಚಿಂಗ್ ಸಾಮ್ರಾಜ್ಯದತ್ತ ಹೊರಟ ತೊರ್ಗುತ್ ಮಂಗೋಲರ ಕಥೆ ಅಲ್ಲಿದೆ, ನಾಲ್ಕು ಭಾಷೆಗಳಲ್ಲಿ. ಹೊರಟವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಅರ್ಧಕ್ಕಿಂತ ಹೆಚ್ಚು ಜನ ದಾರಿಯಲ್ಲೇ ಸತ್ತರು. ಉಳಿದವರಿಗೆ ಚಕ್ರವರ್ತಿ ಜಾನುವಾರು, ಧಾನ್ಯ, ಬಟ್ಟೆ ಕೊಟ್ಟ. ಶಾಸನ ಅವನ ಕರುಣೆಯನ್ನು ಕೊಂಡಾಡುತ್ತದೆ.

ಆದರೆ ಹತ್ತಿರದ ಪುನಿಂಗ್ ದೇವಾಲಯದ ಶಾಸನವನ್ನೂ ಓದಬೇಕು. ಅದು ಜುಂಗಾರ್ ಮಂಗೋಲರ ಮೇಲೆ ಚಿಯಾನ್‌ಲಾಂಗ್ ಸಾಧಿಸಿದ ವಿಜಯದ್ದು. 1750ರ ದಶಕದ ಆ ಯುದ್ಧದಲ್ಲಿ ಕತ್ತಿ ಮತ್ತು ಸಿಡುಬು ಸೇರಿ ಅವರ ಕುಲವನ್ನೇ ಬಹುಪಾಲು ಅಳಿಸಿದವು. ತೊರ್ಗುತರಿಗೆ ಸಿಕ್ಕಿದ್ದು ಹಾಗೆ ಬರಿದಾದ ಹುಲ್ಲುಗಾವಲು. ಅವರ ಮುಖಂಡ ಉಬಾಶಿಯ ಖಾನ್ ಪದವಿ ಉಳಿಯಿತು, ಜನರನ್ನು ಮಾತ್ರ ಬೇರೆ ಬೇರೆ ಪಂಗಡಗಳಾಗಿ ಒಡೆದು ಒಂದೊಂದಕ್ಕೂ ಮೇಯಿಸುವ ಗಡಿ ಗೊತ್ತುಮಾಡಿದರು. ಅಲೆಮಾರಿಗಳನ್ನು ಮಿಂಗರ ಇಟ್ಟಿಗೆಗಿಂತ ಬಿಗಿಯಾಗಿ ಹಿಡಿದದ್ದು ಈ ಗಡಿಗಳೇ ಎಂದು ನನಗನ್ನಿಸುತ್ತದೆ.